ಆಟಕ್ಕುಂಟು, ಲೆಕ್ಕಕ್ಕಿಲ್ಲ!

ಬಹಳ ದಿನ ಆಯ್ತು ಈ ಕಡೆ ತಲೆ ಹಾಕದೆ. ರಿಲೀಸು, ಬಗ್ಗು, ಮತ್ತೆ ರಿಲೀಸು... ಹೀಗೇ ಎರಡು ತಿಂಗಳು ಹೋಯಿತು. ಇವತ್ತು ಬರೆಯಲೇಬೇಕು ಅನ್ನಿಸಿದ್ದಕ್ಕೆ ಕಾರಣ ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ನಡೆದ ಒಂದು ಜಗಳ. ಜಗಳ ಅಂದರೆ ಕೈ ಕೈ ಮಿಲಾಯಿಸುವಂಥದ್ದೇನಲ್ಲ, ಆದರೆ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ :-)

ವಿಷಯ ಇಷ್ಟೇ. ಯಾವ ತಲೆಮಾರಿನಲ್ಲಿ ಯಾವ ಗೇಮ್ ಕನ್ಸೋಲ್ ಗೆದ್ದಿತು? ನಮ್ಮ ಟೀಮಿನವರೆಲ್ಲ ಒಂದೇ ದನಿಯಲ್ಲಿ ಹೇಳಿದ್ದು, ನಾವು ಚಿಕ್ಕವರಿದ್ದಾಗಿನ ರಾಜ ಪ್ಲೇಸ್ಟೇಷನ್ 2. ಅದು ಮಾರಾಟವಾಗಿದ್ದು 15 ಕೋಟಿಗೂ ಹೆಚ್ಚು. ಎಕ್ಸ್‌ಬಾಕ್ಸ್ ಸುಮಾರು 2.4 ಕೋಟಿ, ಗೇಮ್‌ಕ್ಯೂಬ್ 2.17 ಕೋಟಿ, ಡ್ರೀಮ್‌ಕಾಸ್ಟ್ ಒಂದು ಕೋಟಿಯನ್ನೂ ಮುಟ್ಟಲಿಲ್ಲ. ಕೇಸ್ ಕ್ಲೋಸ್!

ನಾನು ಸುಮ್ಮನಿರಲಾರದೆ, "ನಮ್ಮ ಬಳ್ಳಾರಿ ಕಡೆ ಗೆದ್ದಿದ್ದು ಕ್ಯಾಸೆಟ್ ಹಾಕೋ ಟಿವಿ ಗೇಮು" ಅಂದೆ. ಎಲ್ಲರೂ ನಕ್ಕರು. ಒಬ್ಬ ಅಂದ, "ಅದು ಕನ್ಸೋಲ್ ಅಲ್ಲ ಗುರು, ಡೂಪ್ಲಿಕೇಟ್ ಆಟಿಕೆ. ಅದೆಲ್ಲ ಲೆಕ್ಕಕ್ಕೆ ಬರಲ್ಲ."

ನನಗೆ ಚುಚ್ಚಿದ್ದು ಆ ಕೊನೆಯ ಮಾತು. ಲೆಕ್ಕಕ್ಕೆ ಬರಲ್ಲ ಅಂತೆ!

ಸರಿ, ಲೆಕ್ಕಾನೇ ಮಾಡೋಣ. ನಮ್ಮಪ್ಪ ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದವರು. 2005ರಲ್ಲಿ, ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ಬಳ್ಳಾರಿಯ ಬೆಂಗಳೂರು ರಸ್ತೆಯ ಒಂದು ಅಂಗಡಿಯಿಂದ 450 ರೂಪಾಯಿಗೆ ಒಂದು ಟಿವಿ ಗೇಮ್ ತಂದುಕೊಟ್ಟರು. ಎರಡು ಜಾಯ್‌ಸ್ಟಿಕ್, ಒಂದು ಗನ್ನು, ಒಂದು ಹಳದಿ ಕ್ಯಾಸೆಟ್. ಕ್ಯಾಸೆಟ್ ಮೇಲೆ "9999 ಇನ್ 1". ಒಳಗಿದ್ದದ್ದು ಇಪ್ಪತ್ತೋ ಮೂವತ್ತೋ ಆಟ, ಅವನ್ನೇ ಬೇರೆ ಬೇರೆ ಲೆವೆಲ್ಲಿನಿಂದ ಶುರು ಮಾಡಿಸಿ ಪಟ್ಟಿ ಬೆಳೆಸಿದ್ದರು. (ಈಗಿನ ಕೆಲವು ರೆಸ್ಯೂಮೆಗಳನ್ನು ನೋಡಿದಾಗ ಆ ಕ್ಯಾಸೆಟ್ಟೇ ನೆನಪಾಗುತ್ತದೆ.)

ಆ ಡಬ್ಬಿ ನಕಲು ಹೌದು, ಒಪ್ಪಿದೆ. ಆದರೆ ಯಾವುದರ ನಕಲು? ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್‌ನದು. ಅಮೆರಿಕಕ್ಕೆ ಇದೇ ಯಂತ್ರ ಎನ್‌ಇಎಸ್ ಅನ್ನುವ ಹೆಸರಿನಲ್ಲಿ ಹೋಗುವಾಗ ನಕಲಿ ಕ್ಯಾಸೆಟ್ ತಡೆಯಲು ಒಳಗೊಂದು ಬೀಗದ ಚಿಪ್ ಕೂರಿಸಿದರು. ಜಪಾನಿನ ಮೂಲ ಯಂತ್ರದಲ್ಲಿ ಆ ಬೀಗ ಇರಲಿಲ್ಲ. ಹಾಗಾಗಿ ತೈವಾನ್, ಚೀನಾಗಳಲ್ಲಿ ತಯಾರಾದ ನಕಲುಗಳು ಹೆಚ್ಚಾಗಿ ಹಿಡಿದದ್ದು ಜಪಾನಿನ 60 ಪಿನ್ನಿನ ದಾರಿಯನ್ನೇ. ಮುಂದೆ ಇಡೀ ಯಂತ್ರವನ್ನೇ ಒಂದು ಚಿಪ್ಪಿಗೆ ಇಳಿಸಿದರು. ರಷ್ಯಾದಲ್ಲಿ 1992ರಲ್ಲಿ ಬಂದ ಡೆಂಡಿ ಕೂಡ ಇದೇ ಬಳಗದ್ದು. ಅಲ್ಲಿ ಒಂದು ಕಾಲಕ್ಕೆ ಟಿವಿ ಗೇಮ್ ಅಂದರೇನೇ ಡೆಂಡಿ. ನಮ್ಮ ದೇಶದಲ್ಲಿ ಸಮುರಾಯ್, ಮೀಡಿಯಾ ಅಂತೆಲ್ಲ ಹೆಸರುಗಳಿದ್ದವು.

ಇಲ್ಲಿ ಒಂದು ತಮಾಷೆ ಇದೆ. ಅಸಲಿ ಫ್ಯಾಮಿಕಾಮ್ ತಯಾರಿಕೆಯನ್ನು ನಿಂಟೆಂಡೊ 2003ರ ಸೆಪ್ಟೆಂಬರಿನಲ್ಲಿ ನಿಲ್ಲಿಸಿತು. ಅಂದರೆ ಅಪ್ಪ ನನಗೆ ಟಿವಿ ಗೇಮ್ ತಂದಾಗ ಅದರ ಮೂಲಪುರುಷ ತೀರಿಕೊಂಡು ಎರಡು ವರ್ಷವಾಗಿತ್ತು! ಜಪಾನ್, ಅಮೆರಿಕದವರಿಗೆ ತಲೆಮಾರುಗಳು ಒಂದಾದ ಮೇಲೆ ಒಂದು ಬಂದವು. ನಮ್ಮಲ್ಲಿ 1983ರ ಯಂತ್ರ ಮತ್ತು 2000ದ ಪ್ಲೇಸ್ಟೇಷನ್ ಒಂದೇ ಅಂಗಡಿಯ ಒಂದೇ ಗಾಜಿನ ಹಿಂದೆ ಕೂತಿದ್ದವು. ಹೀಗಿರುವಾಗ ಅವರ ತಲೆಮಾರಿನ ಪಟ್ಟಿ ತಂದು ನಮ್ಮ ಊರಿನ ಗೆದ್ದವರನ್ನು ಹೇಳಿದರೆ ಹೇಗೆ ಸ್ವಾಮಿ? ನಮ್ಮೂರಿನ ಕುಸ್ತಿಯಲ್ಲಿ ಇವೆರಡೂ ಒಂದೇ ಅಖಾಡದಲ್ಲಿದ್ದವು. ನಾನು ಕಂಡ ಮಟ್ಟಿಗೆ ಮುದುಕನೇ ಗೆದ್ದ.

ಮಾರಾಟದ ಲೆಕ್ಕಕ್ಕೆ ಬರೋಣ. ಸಿರುಗುಪ್ಪದಲ್ಲಿ ನಮ್ಮ ಓಣಿಗೆಲ್ಲ ಇದ್ದದ್ದು ನಮ್ಮದೊಂದೇ ಡಬ್ಬಿ. ಭಾನುವಾರ ಹನ್ನೊಂದು ಹುಡುಗರು ಬರುತ್ತಿದ್ದರು. ಸತ್ತವನು ಜಾಯ್‌ಸ್ಟಿಕ್ ಬಿಡಬೇಕು ಅನ್ನುವುದು ಕಾನೂನು. ಅಮ್ಮ ಅಡುಗೆಮನೆಯಿಂದಲೇ "ಪಿಕ್ಚರ್ ಟ್ಯೂಬ್ ಹೋಗುತ್ತೆ, ಆರಿಸ್ರೋ" ಅಂತ ಕೂಗುತ್ತಿದ್ದಳು. ನಮ್ಮ ಕ್ಯಾಸೆಟ್ಟು ಸಿರುಗುಪ್ಪದಿಂದ ಕುರುಗೋಡಿನ ಅಜ್ಜಿ ಮನೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಯ ಹುಡುಗರ ಕ್ಯಾಸೆಟ್ಟಿಗೆ ಅದಲು ಬದಲಾಗಿ ಬರುತ್ತಿತ್ತು. ಇದನ್ನು ಕಂಪನಿಯವರು "ಒಂದು ಯೂನಿಟ್" ಅಂತಲೂ ಬರೆದುಕೊಂಡಿಲ್ಲ, ಯಾಕೆಂದರೆ ಅವರ ಪಾಲಿಗೆ ಅದು ಸೊನ್ನೆ. ಹನ್ನೊಂದು ಹುಡುಗರೂ ಸೊನ್ನೆ. ಕ್ಯಾಲಿಫೋರ್ನಿಯಾದ ಒಬ್ಬ ಹುಡುಗನ ಕೋಣೆಯಲ್ಲಿ ಧೂಳು ತಿನ್ನುವ ಗೇಮ್‌ಕ್ಯೂಬ್ ಮಾತ್ರ ಒಂದು!

"ಆದರೆ ಪಾರ್ಲರುಗಳಲ್ಲಿ ಪಿಎಸ್ 2 ಇತ್ತಲ್ಲ?" ಅಂತ ಕೇಳಬಹುದು. ಇತ್ತು. ಬಳ್ಳಾರಿಯಲ್ಲಿ ನಾನೂ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಆಡಿದ್ದೇನೆ. ಅದರ ಚಿತ್ರ, ಸದ್ದು, ಕಾರುಗಳು... ಬಾಯಿ ಬಿಟ್ಟುಕೊಂಡು ನೋಡಿದ್ದೇನೆ. ಪಕ್ಕದ ಹೈದರಾಬಾದಿನಲ್ಲೇ 2009ರಲ್ಲಿ ಆ ಯಂತ್ರಕ್ಕೆ ಹನುಮಂತನ ಆಟವೊಂದನ್ನು ಮಾಡಿದರು, ಅದೂ ಸಣ್ಣ ಸಾಧನೆಯಲ್ಲ. ಒಳ್ಳೆಯ ಯಂತ್ರ ಅಲ್ಲ ಅಂತ ನಾನೆಲ್ಲಿ ಹೇಳಿದೆ? ಆದರೆ ನಾನು ಹೋಗುತ್ತಿದ್ದ ಪಾರ್ಲರಿನಲ್ಲಿ ಕರೆಂಟ್ ಹೋದರೆ ಓನರ್ ಅಣ್ಣ ಉಳಿದ ನಿಮಿಷಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು "ಸಂಜೆ ಬಾರಪ್ಪಾ" ಅನ್ನುತ್ತಿದ್ದ. ಕುಡತಿನಿಯಲ್ಲಿ ಥರ್ಮಲ್ ಸ್ಟೇಷನ್ ಇಟ್ಟುಕೊಂಡ ಜಿಲ್ಲೆಯ ಕಥೆ ಇದು! ನಲವತ್ತು ಗಂಟೆ ಆಡಬೇಕಾದ ಆಟ ನಮ್ಮ ಕರೆಂಟಿಗೆ ಹೊಂದುತ್ತಿರಲಿಲ್ಲ. ಕಾಂಟ್ರಾ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು, ಅಥವಾ ನಾವೇ ಮುಗಿಯುತ್ತಿದ್ದೆವು.

ಇನ್ನೊಂದು ವಿಷಯ ಈ ಇಂಗ್ಲಿಷ್ ಮೀಡಿಯಂ ಗೆಳೆಯರಿಗೆ ಹೊಳೆಯುವುದೇ ಇಲ್ಲ. ಪಿಎಸ್ 2ರ ಎಷ್ಟೋ ಆಟಗಳಲ್ಲಿ ಮುಂದೇನು ಮಾಡಬೇಕು ಅನ್ನುವುದನ್ನು ಇಂಗ್ಲಿಷಿನಲ್ಲಿ ಓದಬೇಕು. ನಮ್ಮ ಓಣಿಯ ಹನ್ನೊಂದರಲ್ಲಿ ಒಂಬತ್ತು ಮಂದಿ ಕನ್ನಡ ಶಾಲೆಯವರು. ಮಾರಿಯೋ ಆಡುವುದಕ್ಕೆ ಒಂದಕ್ಷರ ಬೇಕಿರಲಿಲ್ಲ. ಬಲಕ್ಕೆ ಓಡು, ಗುಂಡಿ ಬಂದರೆ ಹಾರು. ನಾನು ತಿಳಿದ ಮಟ್ಟಿಗೆ ನಮ್ಮನ್ನು "ನಿನಗೆ ಯಾವ ಮೀಡಿಯಂ?" ಅಂತ ಕೇಳದ ಮೊದಲ ಕಂಪ್ಯೂಟರ್ ಅದು.

ಈಗ ದೊಡ್ಡ ಆಕ್ಷೇಪ, ಕಳ್ಳಮಾಲು ಅನ್ನುವುದು. ಹೌದು. ಕಾಂಟ್ರಾ ಬರೆದ ಇಂಜಿನಿಯರುಗಳಿಗೆ ನಮ್ಮ 450 ರೂಪಾಯಿಯಲ್ಲಿ ಒಂದು ಪೈಸೆಯೂ ಹೋಗಲಿಲ್ಲ. ನಾನೂ ಕೋಡ್ ಬರೆದು ಅನ್ನ ತಿನ್ನುವವನು, ಇದು ಸರಿ ಅಂತ ಹೇಳಲಾರೆ. ಆದರೆ ಎರಡು ಮಾತು. ಒಂದು, ನಾನು ಆಡಿದ ಆ ಪಾರ್ಲರಿನ ಪಿಎಸ್ 2ಗೂ ಚಿಪ್ ಹಾಕಿಸಿ ಕಾಪಿ ಮಾಡಿದ ಡಿಸ್ಕುಗಳನ್ನೇ ಓಡಿಸುತ್ತಿದ್ದರು. ನನ್ನನ್ನು ನೋಡಿ ನಕ್ಕ ಗೆಳೆಯನೂ ತನ್ನ ಊರಿನಲ್ಲಿ ಆಡಿದ್ದು ಅಂಥ ಡಿಸ್ಕುಗಳನ್ನೇ ಅಂತ ಆಮೇಲೆ ಒಪ್ಪಿಕೊಂಡ. ನಿನ್ನ ಕಳ್ಳ ಡಿಸ್ಕು ಲೆಕ್ಕಕ್ಕುಂಟು, ನನ್ನ ಕಳ್ಳ ಕ್ಯಾಸೆಟ್ಟು ಲೆಕ್ಕಕ್ಕಿಲ್ಲವೋ? ಎರಡು, ಅಸಲಿ ಮಾಲು ಇಲ್ಲಿಗೆ ಬಂದಾಗ ಯಾವ ಬೆಲೆಗೆ ಬಂತು? 1995ರಲ್ಲಿ ಸೆಗಾ ತನ್ನ ಮೆಗಾ ಡ್ರೈವ್ ಅನ್ನು ಶಾ ವ್ಯಾಲೇಸ್ ಕಂಪನಿಯ ಮೂಲಕ ಇಲ್ಲಿ ಮಾರಲು ಬಂತು. 80% ಆಮದು ಸುಂಕ ತಪ್ಪಿಸಿಕೊಳ್ಳುವ ಉಪಾಯ ಅದು. ಆದರೂ ಬೆಲೆ 18,000 ರೂಪಾಯಿ! ಆ ವರ್ಷ ಅಪ್ಪನ ಸಂಬಳ ತಿಂಗಳಿಗೆ ಒಂದೂವರೆ ಸಾವಿರ. ವರ್ಷವಿಡೀ ಉಪವಾಸವಿದ್ದರೆ ಒಂದು ಮೆಗಾ ಡ್ರೈವ್ ಬರುತ್ತಿತ್ತು.

ನನಗೆ ಯಾಕೆ ಇಷ್ಟು ಸಿಟ್ಟು ಅಂತ ಈಗ ಹೇಳುತ್ತೇನೆ. ಒಂದು ಬೇಸಿಗೆ ರಜೆಯಲ್ಲಿ ನಮ್ಮ ಡಬ್ಬಿ ಕೆಟ್ಟಿತು. ಕುರುಗೋಡಿನಲ್ಲಿ ಅಜ್ಜಿ ಮನೆ ಹತ್ತಿರ ಟಿವಿ ರಿಪೇರಿ ಮಾಡುತ್ತಿದ್ದ ಒಬ್ಬ ಮಾಮನ ಬಳಿ ಒಯ್ದೆ. ಬಿಚ್ಚಿದರೆ ಅಷ್ಟು ದೊಡ್ಡ ಡಬ್ಬಿಯೊಳಗೆ ಅಂಗೈಯಷ್ಟು ಬೋರ್ಡು, ಅದರ ನಡುವೆ ಒಂದು ಕರೀ ಮೇಣದ ಬೊಟ್ಟಿನಂಥದ್ದು. ನಾನು ಪೆಚ್ಚಾದೆ. ಮಾಮ ನಕ್ಕು, "ಇಷ್ಟೇ ಐತಿ ನೋಡಪ್ಪಾ ಇದ್ರಾಗ. ಆದ್ರ ಈ ಬೊಟ್ಟಿನಾಗ ಏನೈತಿ ಅಂತ ನನಗೂ ಗೊತ್ತಿಲ್ಲ. ನೀನು ಓದಿ ಬಂದು ಹೇಳು" ಅಂದ. ತುಂಡಾದ ವೈರ್ ಬೆಸುಗೆ ಹಾಕಿ ಕೊಟ್ಟ, ದುಡ್ಡು ತೆಗೆದುಕೊಳ್ಳಲಿಲ್ಲ.

ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಓದುವಾಗ ಮೈಕ್ರೋಪ್ರೊಸೆಸರ್ ಕ್ಲಾಸಿನಲ್ಲಿ ಆ ಬೊಟ್ಟು ನೆನಪಾಗಿ ಹುಡುಕಿದೆ. 6502 ಜಾತಿಯ ಒಂದು ಪ್ರೊಸೆಸರ್, 2 ಕೆಬಿ ರ‍್ಯಾಮ್. ಎರಡೇ ಕೆಬಿ! ನಿಮ್ಮ ಮುಂದಿರುವ ಈ ಲೇಖನ ಅದರಲ್ಲಿ ಹಿಡಿಸುವುದಿಲ್ಲ. ಮಾಮನಿಗೆ ಹೇಳೋಣ ಅಂತ ಕುರುಗೋಡಿಗೆ ಹೋದರೆ ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ಮಾಮ ಎಲ್ಲಿದ್ದಾನೆ ಅಂತ ಕೇಳಿದೆ. ತೀರಿಕೊಂಡು ವರ್ಷವಾಯಿತು ಅಂದರು.

ಆದ್ದರಿಂದ ಯಾರಾದರೂ "ಅದು ಲೆಕ್ಕಕ್ಕೆ ಬರಲ್ಲ" ಅಂದರೆ ನನಗೆ ಕೇಳಿಸುವುದು ಆ ಹನ್ನೊಂದು ಹುಡುಗರೂ ಆ ಮಾಮನೂ ಲೆಕ್ಕಕ್ಕಿಲ್ಲ ಅಂತ. ಜಗತ್ತಿನ ಮಾರುಕಟ್ಟೆಯಲ್ಲಿ ಪಿಎಸ್ 2 ಗೆದ್ದಿತು, ತಕರಾರಿಲ್ಲ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ತೀರ್ಪನ್ನು ಮಾತ್ರ ಟೋಕಿಯೋದ ಬ್ಯಾಲೆನ್ಸ್ ಶೀಟ್ ನೋಡಿ ಬರೆಯಬೇಡಿ.

ಕಂಪನಿಯವರು ನಮ್ಮನ್ನು ಎಣಿಸುವುದಿಲ್ಲ, ಸರಿ. ನಾವೇ ಎಣಿಸಿಕೊಳ್ಳೋಣ. ನಿಮ್ಮ ಊರಿನಲ್ಲಿ ಯಾವ ಡಬ್ಬಿ ಇತ್ತು, ಎಷ್ಟಕ್ಕೆ ತಂದಿರಿ, ಒಂದು ಡಬ್ಬಿಗೆ ಎಷ್ಟು ಮಂದಿ ಪಾಳಿ ಹಚ್ಚುತ್ತಿದ್ದಿರಿ? ಕಾಮೆಂಟಿನಲ್ಲಿ ಹಾಕಿ. ಪಿಎಸ್ 2 ಅಭಿಮಾನಿಗಳು ಬೈಯುವುದಿದ್ದರೆ ಬೈಯಿರಿ, ಆದರೆ ಬೈಯುವ ಮೊದಲು ನಿಮ್ಮ ಡಿಸ್ಕು ಒರಿಜಿನಲ್ಲಾ ಅಂತ ಹೇಳಿಬಿಡಿ :-)