ರಾಜ್ಯಕ್ಕೊಂದು ಡಿಗ್ರಿ, ಭಾಗ 3: ದುಡ್ಡು ಓದುವಾಗ ಬೇಕಾ, ಓದು ಮುಗಿದ ಮೇಲಾ?

ಸರ್ಕಾರಿ ಶಾಲೆಯಲ್ಲಿ ಓದಿ ಹೊಸೂರಲ್ಲಿ ಬಿಕಾಂ ಸೇರಿದ ಹುಡುಗಿಗೆ ಅಲ್ಲಿನ ಸರ್ಕಾರ ತಿಂಗಳಿಗೆ 1,000 ರೂಪಾಯಿ ಅಕೌಂಟಿಗೆ ಹಾಕುತ್ತೆ. ಗಡಿ ದಾಟಿ ಅತ್ತಿಬೆಲೆಗೆ ಬನ್ನಿ. ಅದೇ ಬಿಕಾಂ, ಅದೇ ಡೆಬಿಟ್ಟು ಕ್ರೆಡಿಟ್ಟು. ಇಲ್ಲಿ 3,000 ಕೊಡ್ತಾರೆ. ಆದ್ರೆ ಡಿಗ್ರಿ ಮುಗಿಸಿ 180 ದಿನ ಕೆಲಸ ಸಿಗದಿದ್ರೆ ಮಾತ್ರ!

ಮೊದಲನೆಯದು ತಮಿಳುನಾಡಿನ ‘ಪುದುಮೈ ಪೆಣ್’ ಯೋಜನೆ. 2022ರ ಸೆಪ್ಟೆಂಬರ್‌ನಲ್ಲಿ ಶುರುವಾಯ್ತು. 6ರಿಂದ 12ನೇ ಕ್ಲಾಸ್‌ವರೆಗೆ ಸರ್ಕಾರಿ ಶಾಲೆಯಲ್ಲಿ ಓದಿರಬೇಕು ಅನ್ನೋದು ಮೂಲ ಷರತ್ತು. 2024ರ ಆಗಸ್ಟ್‌ನಲ್ಲಿ ಹುಡುಗರಿಗೂ ‘ತಮಿಳ್ ಪುದಲ್ವನ್’ ಬಂತು. ನನಗೆ ತುಂಬಾ ಇಷ್ಟ ಆಗಿದ್ದು ಇದರ ಹಿಂದಿನ ಕಥೆ. ಮೊದಲು ಅಲ್ಲಿ ಬಡ ಹೆಣ್ಮಕ್ಕಳ ಮದುವೆಗೆ ಸರ್ಕಾರ ನಗದು ಮತ್ತು 8 ಗ್ರಾಂ ಚಿನ್ನ ಕೊಡ್ತಿತ್ತು. ಆ ಮದುವೆ ಯೋಜನೆಯನ್ನೇ ಓದಿನ ಯೋಜನೆ ಮಾಡಿದ್ರು.

ಎರಡನೆಯದು ನಮ್ಮ ಯುವನಿಧಿ. ಹೆಚ್ಚಂದ್ರೆ 2 ವರ್ಷ ಸಿಗುತ್ತೆ. ಕೆಲಸ ಸಿಕ್ರೆ ನಿಲ್ಲುತ್ತೆ, ಅದು ಸರಿ. ಆದ್ರೆ ಎಂಕಾಂ ಸೇರಿದ್ರೂ ಸಿಗಲ್ಲ! ಅಂದ್ರೆ ಮನೇಲಿದ್ರೆ ದುಡ್ಡು, ಮುಂದೆ ಓದಿದ್ರೆ ಇಲ್ಲ.

ಒಂದು ಸಲ ಯೋಚನೆ ಮಾಡಿ. ಬಡತನಕ್ಕೆ ಕಾಲೇಜು ಬಿಡೋರು 6ನೇ ಸೆಮ್ ಮುಗಿಸಿ ಬಿಡ್ತಾರಾ? 2ನೇ ಸೆಮ್, 3ನೇ ಸೆಮ್‌ನಲ್ಲೇ ಬಟ್ಟೆ ಅಂಗಡಿಗೋ ಡೆಲಿವರಿ ಕೆಲಸಕ್ಕೋ ಹೋಗಿಬಿಡ್ತಾರೆ. ಫಸ್ಟ್ ಸೆಮ್‌ನಲ್ಲಿ ನಿಮ್ಮ ಬೆಂಚಲ್ಲಿ ಇದ್ದೋರಲ್ಲಿ ಈಗ ಎಷ್ಟು ಜನ ಇದ್ದಾರೆ, ಎಣಿಸಿ. ಬಿಟ್ಟು ಹೋದವರಿಗೆ ಯುವನಿಧಿ ಕೂಡ ಇಲ್ಲ, ಯಾಕಂದ್ರೆ ಅವರ ಕೈಲಿ ಡಿಗ್ರಿನೇ ಇಲ್ಲ.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಬಸ್ ಖರ್ಚು ಉಳಿದಿದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿಯಲ್ಲಿ 10 ತಿಂಗಳು ದುಡ್ಡು ಬರುತ್ತೆ. ಒಳ್ಳೇದೇ. ಆದ್ರೆ ಮನೆಯಿಂದಲೇ ಓಡಾಡಿ, ಸಂಜೆ ಕೆಲಸ ಮಾಡಿ ಓದೋ ಹುಡುಗನಿಗೆ ಇವೆರಡೂ ಇಲ್ಲ.

ಬಿಕಾಂನವರಲ್ವಾ, ಲೆಕ್ಕ ಹಾಕೋಣ. ಯುವನಿಧಿ ಪೂರ್ತಿ ಸಿಕ್ರೆ ಒಬ್ಬರಿಗೆ 24 ತಿಂಗಳಲ್ಲಿ 72,000. ಅದನ್ನೇ ಡಿಗ್ರಿಯ 36 ತಿಂಗಳಿಗೆ ಹಂಚಿದ್ರೆ ತಿಂಗಳಿಗೆ 2,000. ಓದೋರೆಲ್ಲರಿಗೂ ಕೊಟ್ರೆ ಬಜೆಟ್ ತಡೆಯಲ್ಲ, ಒಪ್ತೀನಿ. ಹಾಗಾದ್ರೆ 1,000 ಕೊಡಿ, ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಮಾತ್ರ ಅಂತ ಷರತ್ತು ಹಾಕಿ. ಪಕ್ಕದ ರಾಜ್ಯ ಮಾಡಿ ತೋರಿಸಿದೆ.

ಯುವನಿಧಿ ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ. ಕೆಲಸ ಹುಡುಕೋರಿಗೆ ಅದು ಬೇಕು. ಆದ್ರೆ ಡಿಗ್ರಿವರೆಗೆ ತಲುಪೋಕೆ ಮೊದಲು ಸಹಾಯ ಮಾಡಿ ಅಂತ ಕೇಳ್ತಿದ್ದೀನಿ, ಅಷ್ಟೇ.

ತಿಂಗಳಿಗೆ 1,000 ಬಂದಿದ್ರೆ ನಿಮ್ಮ ಕ್ಲಾಸಲ್ಲಿ ಯಾರಾದ್ರೂ ಉಳ್ಕೊಳ್ತಿದ್ರಾ? ಹೆಸರು ಬೇಡ, ಯಾವ ಸೆಮ್‌ನಲ್ಲಿ ಬಿಟ್ರು ಅಂತ ಕಾಮೆಂಟ್ ಮಾಡಿ.

#ರಾಜ್ಯಕ್ಕೊಂದುಡಿಗ್ರಿ #ಬಿಕಾಂಬದುಕು