ಚಾರ್ಜರಿನ ಮೇಲಿನ ಎಚ್ಚರಿಕೆ ಯಾರಿಗಾಗಿ ಸ್ವಾಮಿ?



ನಿಮ್ಮ ಮೊಬೈಲ್ ಚಾರ್ಜರನ್ನು ಒಮ್ಮೆ ಕೈಗೆತ್ತಿಕೊಂಡು ತಿರುಗಿಸಿ ನೋಡಿ. ಇರುವೆ ಸಾಲಿನಂಥ ಅಕ್ಷರ. ಇಂಗ್ಲಿಷ್ ಇದೆ. ಕೆಲವದರಲ್ಲಿ ಚೀನೀ ಲಿಪಿಯೂ ಇದೆ. ಪೆಟ್ಟಿಗೆಯ ಮೇಲೆ ಒಮ್ಮೊಮ್ಮೆ ಹಿಂದಿಯೂ ಇಣುಕುತ್ತದೆ. ಕನ್ನಡ? ಭೂತಗನ್ನಡಿ ಹಿಡಿದು ಹುಡುಕಿದರೂ ಸಿಗುವುದು ಅಪರೂಪ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ದೇವನಹಳ್ಳಿಯಲ್ಲಿ ಐಫೋನ್ ಜೋಡಣೆಯಾಗುತ್ತದೆ. ನಮ್ಮ ನೆಲ, ನಮ್ಮ ನೀರು, ನಮ್ಮ ಹುಡುಗ ಹುಡುಗಿಯರ ಬೆವರು ಎಲ್ಲವೂ ಬೇಕು. ನಮ್ಮ ಭಾಷೆ ಮಾತ್ರ ಬೇಡ!

ಇದೇನು ಮಹಾ ವಿಷಯ ಎಂದು ಮೂಗು ಮುರಿಯುವವರು ಒಂದು ಮಾತು ನೆನಪಿಡಬೇಕು. ಈ ಪುಟ್ಟ ಡಬ್ಬಿಯ ಒಂದು ಕಡೆ ಇರುವುದು ಗೋಡೆಯ 230 ವೋಲ್ಟ್ ವಿದ್ಯುತ್. ಇನ್ನೊಂದು ಕಡೆ ಇರುವುದು ನಿಮ್ಮ ತಂಗಿಯ ಕೈಯಲ್ಲಿರುವ ಫೋನ್. ನಡುವೆ ಕಾಯುತ್ತಿರುವುದು ಒಳಗಿನ ಕೆಲವೇ ಮಿಲಿಮೀಟರ್ ಅಂತರ ಮತ್ತು ನಿರೋಧಕ ಪದರ. ಅಂಥ ವಸ್ತುವಿನ ಬಳಕೆಯ ಸೂಚನೆಯನ್ನು ಕೊಂಡವನಿಗೆ ಅರ್ಥವಾಗದ ಭಾಷೆಯಲ್ಲಿ ಬರೆದರೆ ಅದು ಸೂಚನೆಯೇ?

ಸೂಚನೆ ಇಲ್ಲದ ಕಡೆ ವದಂತಿ ಬೆಳೆಯುತ್ತದೆ. '25 ವ್ಯಾಟ್ ಫೋನಿಗೆ 65 ವ್ಯಾಟ್ ಚಾರ್ಜರ್ ಹಾಕಿದರೆ ಫೋನ್ ಉಡೀಸ್' ಎಂದು ಹಾಸ್ಟೆಲ್ಲುಗಳಲ್ಲಿ, ಪಿ.ಜಿ.ಗಳಲ್ಲಿ ಹುಡುಗರು ಹೆದರುತ್ತಾರೆ. ಇದು ಸುಳ್ಳು. ಮನೆ ಮೇಲಿನ ತೊಟ್ಟಿ ಎಷ್ಟು ದೊಡ್ಡದಿದ್ದರೇನು, ನಲ್ಲಿ ಎಷ್ಟು ತಿರುಗಿಸುತ್ತೀರೋ ಅಷ್ಟೇ ನೀರು. ಸಾಚಾ ಚಾರ್ಜರ್ ಮೊದಲು 5 ವೋಲ್ಟ್ ಮಾತ್ರ ಕೊಡುತ್ತದೆ. ಆಮೇಲೆ ಫೋನೂ ಚಾರ್ಜರೂ ಮಾತಾಡಿಕೊಳ್ಳುತ್ತವೆ. 'ನನ್ನ ಹತ್ತಿರ 9, 15, 20 ವೋಲ್ಟ್ ಇದೆ, ನಿನಗೆ ಯಾವುದು ಬೇಕು' ಎಂದು ಚಾರ್ಜರ್ ಕೇಳುತ್ತದೆ. ಫೋನ್ ತನಗೆ ತಾಳುವುದನ್ನು ಆರಿಸಿಕೊಳ್ಳುತ್ತದೆ. ಮಾತು ಕೂಡದಿದ್ದರೆ 5 ವೋಲ್ಟ್‌ನಲ್ಲೇ ನಿಧಾನವಾಗಿ ತುಂಬುತ್ತದೆ. ಲ್ಯಾಪ್‌ಟಾಪಿನ 65 ವ್ಯಾಟ್ ಯು.ಎಸ್.ಬಿ. ಸಿ ಚಾರ್ಜರನ್ನು ಫೋನಿಗೆ ಧೈರ್ಯವಾಗಿ ಹಾಕಬಹುದು.

ಈ ಮಾತುಕತೆಗೆ ಯು.ಎಸ್.ಬಿ. ಪವರ್ ಡೆಲಿವರಿ ಎಂಬ ಎಲ್ಲರ ಭಾಷೆ ಇದೆ. 2021ರಿಂದ ಅದು 240 ವ್ಯಾಟ್‌ವರೆಗೆ ಹೋಗುತ್ತದೆ. ಆದರೂ ಕಂಪನಿಗಳಿಗೆ ತಮ್ಮದೇ ಭಾಷೆಯ ಚಪಲ. ಒಪ್ಪೋ, ಒನ್‌ಪ್ಲಸ್, ರಿಯಲ್‌ಮಿಯವರದು ಸೂಪರ್‌ವೂಕ್. ಅವರ 80 ವ್ಯಾಟ್ ಚಾರ್ಜರಿನ ಮೇಲೆ 11 ವೋಲ್ಟ್, 7.3 ಆಂಪಿಯರ್ ಎಂದಿರುತ್ತದೆ. ಅದು ಆ ಬಳಗದ ಫೋನು, ಆ ಬಳಗದ ಕೇಬಲ್ಲಿಗೆ ಮಾತ್ರ ಪೂರ್ತಿ ವೇಗ ಕೊಡುತ್ತದೆ. ಸ್ಯಾಮ್‌ಸಂಗ್‌ನ ವೇಗಕ್ಕೆ ಪಿ.ಪಿ.ಎಸ್. ಎಂಬ ಸೌಲಭ್ಯವಿರುವ ಚಾರ್ಜರ್ ಬೇಕು. ಬೇರೆಯವರದನ್ನು ಹಾಕಿದರೆ ಅಪಾಯವಿಲ್ಲ, ವೇಗ ಇಳಿಯುತ್ತದೆ ಅಷ್ಟೆ. ತಮ್ಮ ಚಾರ್ಜರಿಗೆ ಸ್ವಂತ ಭಾಷೆ ಕಲಿಸುವಷ್ಟು ಪುರುಸೊತ್ತು ಇವರಿಗಿದೆ. ಕೊಳ್ಳುವವನ ಭಾಷೆಯಲ್ಲಿ ನಾಲ್ಕು ಸಾಲು ಬರೆಯಲು ಇಲ್ಲ!

ಹಾಗಾದರೆ ಅಪಾಯ ಎಲ್ಲಿದೆ? ಮೊದಲನೆಯದು ನಕಲಿ ಮಾಲು. 2020ರಲ್ಲಿ ಆಪಲ್, 2021ರಲ್ಲಿ ಸ್ಯಾಮ್‌ಸಂಗ್ ಪರಿಸರದ ಹೆಸರು ಹೇಳಿ ಪೆಟ್ಟಿಗೆಯಿಂದ ಚಾರ್ಜರ್ ಕಿತ್ತುಹಾಕಲು ಶುರು ಮಾಡಿದವು. ಫೋನಿಗೇ ಸಾಲ ಮಾಡಿದ ಹುಡುಗ ಚಾರ್ಜರಿಗೆ ಎಲ್ಲಿ ಹೋಗಬೇಕು? ಫುಟ್‌ಪಾತಿಗೆ. ಅಲ್ಲಿ ದೊಡ್ಡ ಕಂಪನಿಯ ಹೆಸರು ಅಚ್ಚಾದ, ಕೈಗೆ ಹಗುರಾದ ಡಬ್ಬಿ ಮೂರುಕಾಸಿಗೆ ಸಿಗುತ್ತದೆ. ಒಳಗಿನ ನಿರೋಧಕ ಪದರದಲ್ಲೇ ಉಳಿತಾಯ ಮಾಡಿರುತ್ತಾರೆ. ಅದು ಕೈಕೊಟ್ಟ ದಿನ ಗೋಡೆಯ 230 ವೋಲ್ಟ್ ನೇರವಾಗಿ ಫೋನಿಗೆ, ಅಲ್ಲಿಂದ ಕೈಗೆ. ಕೊಳ್ಳುವಾಗ ಬಿ.ಐ.ಎಸ್. ಗುರುತು, ಐ.ಎಸ್. ಸಂಖ್ಯೆ ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ನೋಡಿ. ಬಿ.ಐ.ಎಸ್. ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಎಂದು ಬಯಲಾಗುತ್ತದೆ. ಅಂಗಡಿಯವನ ಮುಂದೆಯೇ ಹಾಕಿ ನೋಡಿ, ಸಂಕೋಚ ಬೇಡ.

ಎರಡನೆಯದು ಕೇಬಲ್. ಇದನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಎರಡೂ ಕಡೆ ಸಿ ಇರುವ ಸಾಮಾನ್ಯ ಕೇಬಲ್ ತಾಳುವುದು 3 ಆಂಪಿಯರ್, ಅಂದರೆ 60 ವ್ಯಾಟ್. ಅದಕ್ಕಿಂತ ಹೆಚ್ಚಿಗೆ ಕೇಬಲ್ಲಿನೊಳಗೇ ಗುರುತಿನ ಚಿಪ್ ಇರಬೇಕು. 2016ರಲ್ಲಿ ಗೂಗಲ್ ಎಂಜಿನಿಯರ್ ಬೆನ್ಸನ್ ಲ್ಯೂಂಗ್ ಅಗ್ಗದ ಕೇಬಲ್ಲುಗಳನ್ನು ಪರೀಕ್ಷಿಸುತ್ತಿದ್ದಾಗ, ಒಳಗಿನ ತಂತಿಗಳನ್ನು ಅದಲುಬದಲು ಜೋಡಿಸಿದ್ದ ಒಂದು ಕೇಬಲ್ ಅವರ ಲ್ಯಾಪ್‌ಟಾಪನ್ನೇ ಕೆಡಿಸಿತು. ಪರಿಣತನ ಗತಿಯೇ ಹೀಗಾದರೆ ನಮ್ಮ ನಿಮ್ಮ ಪಾಡೇನು? ತುದಿ ಕಪ್ಪಾಗಿದ್ದರೆ, ಬಗ್ಗಿಸಿದಲ್ಲಿ ತಂತಿ ಕಾಣುತ್ತಿದ್ದರೆ ಟೇಪು ಸುತ್ತಿ ಬಳಸಬೇಡಿ. ಬಿಸಾಡಿ.

ಮೂರನೆಯದು ಬಿಸಿ. ಸುತ್ತಲಿನ ಶಾಖ 35 ಡಿಗ್ರಿ ಮೀರದ ಕಡೆ ಫೋನ್ ಬಳಸಿ ಎನ್ನುತ್ತದೆ ಆಪಲ್. ಏಪ್ರಿಲ್‌ನಲ್ಲಿ ರಾಯಚೂರು, ಕಲಬುರಗಿಯಲ್ಲಿ ಬಿಸಿಲು 40 ದಾಟುತ್ತದೆ. ಆ ಸೂಚನೆ ಓದಲೇಬೇಕಾದವನು ಅಲ್ಲಿಯ ಹುಡುಗ! ದಿಂಬಿನಡಿ, ಹಾಸಿಗೆಯ ಮೇಲೆ, ಬಿಸಿಲಲ್ಲಿ ನಿಂತ ಕಾರಿನೊಳಗೆ ಚಾರ್ಜ್ ಮಾಡಬೇಡಿ. ಫೋನ್ ಕಾದಾಗ ತಾನೇ ವೇಗ ಇಳಿಸಿಕೊಳ್ಳುತ್ತದೆ. ಅದಕ್ಕೆ ಚಾರ್ಜರ್ ಕೆಟ್ಟಿತೆಂದು ಬೈಯಬೇಡಿ. ಬ್ಯಾಟರಿ ಉಬ್ಬಿ ಫೋನಿನ ಬೆನ್ನು ಎದ್ದಿದ್ದರೆ ಮಾತ್ರ ಆ ಕ್ಷಣದಿಂದ ಚಾರ್ಜ್ ನಿಲ್ಲಿಸಿ. ಒತ್ತುವುದು, ಚುಚ್ಚುವುದು ಬೇಡವೇ ಬೇಡ.

ಇಷ್ಟನ್ನು ಕಂಪನಿಯ ಒಂದು ಅಂಗೈಯಗಲದ ಚೀಟಿ ಕನ್ನಡದಲ್ಲಿ ಹೇಳಬಹುದಿತ್ತು. ಹೇಳುವುದಿಲ್ಲ, ಏಕೆಂದರೆ ಹೇಳದಿದ್ದರೂ ನಡೆಯುತ್ತದೆ. ಪೊಟ್ಟಣದ ಸಾಮಗ್ರಿಗಳ ಕೇಂದ್ರ ನಿಯಮ, 2011, ಕಡ್ಡಾಯ ವಿವರಗಳು ಹಿಂದಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ ಇರಬೇಕು ಎನ್ನುತ್ತದೆ. ಮಿಕ್ಕ ಭಾಷೆಗಳನ್ನು ಬೇಕಾದರೆ ಸೇರಿಸಿಕೊಳ್ಳಬಹುದಂತೆ. ಎಂಥ ಔದಾರ್ಯ! ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯಡಿ 2025ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ಆದೇಶ ಹೊರಡಿಸಿತು. ಉತ್ಪನ್ನದ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು ಎಂದಿತು. ಸಂತೋಷ. ಆದರೆ ಅದು ರಾಜ್ಯದೊಳಗೆ ತಯಾರಾದ ಮಾಲಿಗೆ ಮಾತ್ರ. ಹೊರಗಿನಿಂದ ಬರುವ ಚಾರ್ಜರಿಗೆ ಕೇಳುವವರಿಲ್ಲ.

ಒಂದು ದಾರಿ ಇದೆ. ಗ್ರಾಹಕ ರಕ್ಷಣಾ ಕಾಯ್ದೆ, 2019ರ 84ನೇ ಕಲಂ ಪ್ರಕಾರ, ಅಪಾಯ ತಪ್ಪಿಸಲು ಸಾಕಷ್ಟು ಸೂಚನೆ, ಎಚ್ಚರಿಕೆ ಕೊಡದ ತಯಾರಕ ಹಾನಿಗೆ ಹೊಣೆ. ಕನ್ನಡ ಮಾತ್ರ ಬಲ್ಲ ತಾಯಿಗೆ ಇಂಗ್ಲಿಷ್ ಚೀಟಿ ಹೇಗೆ 'ಸಾಕಷ್ಟು' ಆಗುತ್ತದೆ? ಈ ಪ್ರಶ್ನೆಯನ್ನು ನಮ್ಮ ವಕೀಲ ಮಿತ್ರರು ಗ್ರಾಹಕ ಆಯೋಗದ ಮುಂದಿಡಬೇಕು. ಆಂಡ್ರಾಯ್ಡ್ ಫೋನಿನೊಳಗೆ ಸೆಟ್ಟಿಂಗ್ಸ್ ಪೂರ್ತಿ ಕನ್ನಡದಲ್ಲಿ ಬರುತ್ತದೆ. ಪರದೆಯ ಮೇಲೆ ಬಂದದ್ದು ಕಾಗದದ ಮೇಲೆ ಬರಲಾರದೇ?

ಮುಂದಿನ ಬಾರಿ ಚಾರ್ಜರ್ ಕೊಂಡಾಗ ಬಿಲ್ಲು, ಪೆಟ್ಟಿಗೆ ಎರಡನ್ನೂ ಇಟ್ಟುಕೊಳ್ಳಿ. ಪೆಟ್ಟಿಗೆಯ ನಾಲ್ಕೂ ಬದಿಯ ಚಿತ್ರ ತೆಗೆದು, ಕನ್ನಡದ ಚೀಟಿ ಎಲ್ಲಿ ಎಂದು ಅದರ ಮೇಲಿರುವ ಗ್ರಾಹಕ ಸೇವೆಯ ವಿಳಾಸಕ್ಕೆ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.