ಕೋಕೋ ಬೀಜವೂ ಪರದೇಶದ ಬಂಡವಾಳವೂ

ಪರದೇಶದ ಬಂಡವಾಳವೆಂದೊಡನೆ ಕೆಲವರು ಹಿಗ್ಗುತ್ತಾರೆ, ಕೆಲವರು ಹೌಹಾರುತ್ತಾರೆ. ಹಣ ಎಲ್ಲಿಂದ ಬಂದಿತೆಂದು ವಿಚಾರಿಸುವುದಕ್ಕಿಂತ, ಬಂದ ಊರಿನಲ್ಲಿ ಅದು ಯಾವ ವಿದ್ಯೆಯನ್ನು ನೆಲೆಗೊಳಿಸಿತೆಂದು ವಿಚಾರಿಸುವುದು ಹೆಚ್ಚು ಉಪಯುಕ್ತವೆಂದು ನನಗೆ ತೋರುತ್ತದೆ. ದಕ್ಷಿಣ ಕನ್ನಡದ ಕೋಕೋ ಗಿಡದ ಕಥೆ ಇದಕ್ಕೆ ಒಳ್ಳೆಯ ನಿದರ್ಶನ.

ಕೋಕೋ ಅಮೆಜಾನ್ ಕಾಡುಗಳ ಗಿಡ. ಅದಕ್ಕೆ ನೆರಳು ಬೇಕು, ತೇವ ಬೇಕು. ಅಡಕೆ ತೋಟದಲ್ಲಿ ಇವೆರಡೂ ಉಂಟು. 1960ರ ದಶಕದಲ್ಲಿ ಬ್ರಿಟಿಷ್ ಮೂಲದ ಕ್ಯಾಡ್ಬರಿ ಕಂಪನಿಯು ವಯನಾಡಿನಲ್ಲಿ ಇದರ ಬೇಸಾಯಕ್ಕೆ ಪ್ರೋತ್ಸಾಹ ಕೊಟ್ಟಿತು. ಮುಂದಿನ ದಶಕದಲ್ಲಿ ಬೆಳೆ ಕೇರಳದಲ್ಲಿಯೂ ನಮ್ಮ ಕರಾವಳಿಯಲ್ಲಿಯೂ ಹಬ್ಬಿತು. ಈ ಉಪಕಾರವನ್ನು ಮರೆಯಲಾಗದು. ಆದರೆ 1980ರ ಸುಮಾರಿಗೆ ಲೋಕದ ಪೇಟೆಯಲ್ಲಿ ಕೋಕೋ ಬೆಲೆ ಕುಸಿಯಿತು, ಇಲ್ಲಿ ಖರೀದಿ ತಗ್ಗಿತು. ಕೈಬೆರಳೆಣಿಕೆಯ ಗಿರಾಕಿಗಳನ್ನು ನಂಬಿದ್ದ ಬೆಳೆಗಾರರಲ್ಲಿ ಹಲವರು ಗಿಡಗಳನ್ನೇ ಕಡಿದುಹಾಕಿದರು.

ಬೆಲೆ ಏರುವವರೆಗೆ ಅವರು ಕಾಯಬಾರದಾಗಿತ್ತೆ? ಇದಕ್ಕೆ ಉತ್ತರ ಕೋಕೋ ಕಾಯಿಯ ಒಳಗೇ ಇದೆ. ಕಾಯನ್ನು ಒಡೆದರೆ ಸಿಹಿಯಾದ ಬಿಳಿಯ ಲೋಳೆಯಲ್ಲಿ ಮುಚ್ಚಿದ ಬೀಜಗಳು ಕಾಣುತ್ತವೆ. ಈ ಹಸಿ ಬೀಜ ಬಹು ಬೇಗ ಕೆಡುತ್ತದೆ. ಅದರಲ್ಲಿ ಚಾಕೊಲೇಟಿನ ವಾಸನೆಯೂ ಇಲ್ಲ, ಬರಿಯ ಕಹಿ ಒಗರು. ರಾಶಿ ಹಾಕಿ ಎಲೆಯನ್ನೋ ಗೋಣಿಯನ್ನೋ ಮುಚ್ಚಿದಾಗ ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ಲೋಳೆಯ ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುತ್ತವೆ. ಬಳಿಕ ಬೇರೊಂದು ಬಗೆಯ ಬ್ಯಾಕ್ಟೀರಿಯಗಳು ಅದನ್ನು ಹುಳಿಯಾಗಿಸುತ್ತವೆ. ರಾಶಿಯ ಕಾವು 45ರಿಂದ 50 ಡಿಗ್ರಿ ಸೆಂಟಿಗ್ರೇಡಿನವರೆಗೆ ಏರುತ್ತದೆ. ಬೀಜದ ಮೊಳಕೆ ಸಾಯುತ್ತದೆ. ಒಳಗೆ ನಡೆಯುವ ರಾಸಾಯನಿಕ ಕ್ರಿಯೆಗಳಿಂದ ಕಹಿ ತಗ್ಗಿ, ಮುಂದೆ ಹುರಿದಾಗ ಪರಿಮಳ ಕೊಡುವ ವಸ್ತುಗಳು ಉಂಟಾಗುತ್ತವೆ. ಇದಕ್ಕೆ ಐದಾರು ದಿನ ಬೇಕು. ಅನಂತರ ತೇವ ನೂರಕ್ಕೆ ಸುಮಾರು 7ಕ್ಕೆ ಇಳಿಯುವಂತೆ ಒಣಗಿಸಿದರೆ ಬೀಜವನ್ನು ತಿಂಗಳುಗಟ್ಟಲೆ ಇಡಬಹುದು. ಹಸಿ ಬೀಜದವನು ಸಿಕ್ಕಿದ ಬೆಲೆಗೆ ಒಪ್ಪಲೇಬೇಕು. ಒಣ ಬೀಜದವನು ಚೌಕಾಸಿ ಮಾಡಬಲ್ಲ.

ಆದರೆ ಒಂದು ತೊಡಕುಂಟು. ರಾಶಿ ತೀರ ಚಿಕ್ಕದಾದರೆ ಕಾವು ನಿಲ್ಲದು. ನಾಲ್ಕಾರು ಗಿಡಗಳ ಒಡೆಯನು ಒಬ್ಬನೇ ಹುದುಗಿಸುವುದು ಕಷ್ಟ. ಮಳೆಗಾಲದ ಕರಾವಳಿಯಲ್ಲಿ ಬಿಸಿಲನ್ನು ನಂಬಿ ಒಣಗಿಸುವುದಂತೂ ಆಗದ ಮಾತು! ಹಲವರು ಕೂಡಬೇಕಾದ ಅಗತ್ಯ ಹೀಗೆ ಬೀಜದ ಗುಣದಿಂದಲೇ ಹುಟ್ಟುತ್ತದೆ. ಅಡಕೆ ಬೆಳೆಗಾರರಿಗಾಗಿ 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ಕ್ಯಾಂಪ್ಕೊ ಸಹಕಾರ ಸಂಸ್ಥೆಯು ಆ ಬಿಕ್ಕಟ್ಟಿನಲ್ಲಿ ಕೋಕೋ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೇ ತೆರೆಯಿತು. ಮುಂದೆ ಸ್ವಿಟ್ಜರ್ಲೆಂಡಿನ ನೆಸ್ಲೆ ಕಂಪನಿಗಾಗಿಯೂ ಅಲ್ಲಿ ಮಾಲು ತಯಾರಾಯಿತು. ಪರದೇಶದ ಕಂಪನಿ ಆಗಲೂ ಇತ್ತು, ಆದರೆ ನಮ್ಮ ಕಾರ್ಖಾನೆಯ ಗಿರಾಕಿಯಾಗಿ.

ಲೋಕದ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ಮತ್ತು ಘಾನಾಗಳಲ್ಲಿ. ಅಲ್ಲಿನ ರೈತರು ಹುದುಗಿಸುವುದನ್ನೂ ಒಣಗಿಸುವುದನ್ನೂ ಚೆನ್ನಾಗಿ ಬಲ್ಲರು. ಆದರೂ ಬೀಜದ ದೊಡ್ಡ ಪಾಲು ಚಾಕೊಲೇಟಾಗುವುದು ಯೂರೋಪಿನಲ್ಲಿ. ಆದುದರಿಂದ ಒಂದು ಮೆಟ್ಟಿಲು ಹತ್ತಿದರೆ ಸಾಲದು. ಕಾರ್ಖಾನೆಗೆ ಯಂತ್ರ ಬೇಕು, ಯಂತ್ರಕ್ಕೆ ಹಣ ಬೇಕು. ಹೊರಗಿನ ಹಣ ಬರಲಿ. ಕರಾರು ಬರೆಯುವಾಗ ಹುರಿಯುವ, ಅರೆಯುವ, ಪರೀಕ್ಷಿಸುವ ಕೆಲಸಗಳನ್ನು ಊರಿನವರು ಕಲಿಯುವುದನ್ನೂ ಅದರಲ್ಲಿ ಸೇರಿಸಬೇಕೆಂಬುದು ನನ್ನ ವಾದ.

ಭಾರತಕ್ಕೆ ಬೇಕಾದ ಕೋಕೋದ ಬಹುಭಾಗ ಇಂದಿಗೂ ಹೊರಗಿನಿಂದಲೇ ಬರುತ್ತದೆ. ತೋಟವಿರುವ ಮನೆಗಳಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳು ರಜೆಯಲ್ಲಿ ನೆರೆಹೊರೆಯ ನಾಲ್ಕು ತೋಟಗಳ ಬೀಜವನ್ನು ಒಂದೇ ಪೆಟ್ಟಿಗೆಯಲ್ಲಿ ಹುದುಗಿಸಿ, ದಿನದಿನದ ಕಾವನ್ನು ಉಷ್ಣಮಾಪಕದಿಂದ ಅಳೆದು ಬರೆದಿಡಲಿ. ಆರನೆಯ ದಿನ ಒಂದು ಬೀಜವನ್ನು ಸೀಳಿ ನೋಡಿದರೆ, ಒಳಗಿನ ನೇರಳೆ ಬಣ್ಣ ಕಂದಿಗೆ ತಿರುಗಿರುವುದು ಕಾಣುತ್ತದೆ.